ಸಸ್ಯಮೂಲದ ಕ್ಯಾನ್ಸರ್ ಔಷಧಗಳು: ನಮ್ಮ ವರ್ತಕರು ಅರಿತಿರಬೇಕಾದ ಸಂಗತಿಗಳು

ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳನ್ನು ಒಳಗೊಂಡ ಮಧುಗಿರಿ ಉಪವಿಭಾಗವು ತುಮಕೂರು ಜಿಲ್ಲೆಯ ಒಣಭೂಮಿ ಪ್ರದೇಶವಾಗಿದೆ. ಕಡಲೆಕಾಯಿ, ಹುಣಸೆಹಣ್ಣು, ರಾಗಿ, ತೊಗರಿ ಮುಂತಾದವು ಇಲ್ಲಿನ ವ್ಯಾಪಾರಕ್ಕೆ ಆಧಾರವಾಗಿವೆ. ಇವುಗಳ ಜೊತೆಯಲ್ಲಿ ಹೆಚ್ಚು ಸದ್ದಿಲ್ಲದೆ ನಡೆಯುವ ಮತ್ತೊಂದು ವಹಿವಾಟು ಗಿಡಮೂಲಿಕೆಗಳದ್ದು. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟವು ಔಷಧೀಯ ಸಸ್ಯಗಳಿಗೆ ಹಿಂದಿನಿಂದಲೂ ಹೆಸರಾದ ಸ್ಥಳ. ಅದರ ನೆರೆಯ ದೇವರಾಯನದುರ್ಗದ ಅರಣ್ಯವು ರಾಜ್ಯದಲ್ಲಿ ಔಷಧೀಯ ಸಸ್ಯಗಳ ಸಂರಕ್ಷಣೆಗಾಗಿ ಗುರುತಿಸಲಾದ ತಾಣಗಳಲ್ಲೊಂದು. ನಮ್ಮ ಪಟ್ಟಣಗಳ ಗ್ರಂಧಿಗೆ ಅಂಗಡಿಗಳಲ್ಲಿ ಅಶ್ವಗಂಧ, ಅಳಲೆಕಾಯಿ, ತಾರೆಕಾಯಿ, ಅಮೃತಬಳ್ಳಿ, ಅರಿಶಿನದ ಕೊಂಬು ಇಂದಿಗೂ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತವೆ.

ಇಂತಹ ಅಂಗಡಿಯ ಮುಂದೆ ಒಬ್ಬ ಗಿರಾಕಿ ಬಂದು ನಿಂತು, "ಶೆಟ್ಟರೇ, ನಮ್ಮ ಅತ್ತಿಗೆಗೆ ಹೊಟ್ಟೆಯಲ್ಲಿ ಗಡ್ಡೆ ಅಂತ ಹೇಳಿದ್ದಾರೆ. ಇದಕ್ಕೆ ಏನಾದರೂ ಬೇರು, ತೊಗಟೆ ಇದೆಯೇ?" ಎಂದು ಕೇಳುವುದು ಅಪರೂಪದ ಸಂಗತಿಯೇನಲ್ಲ. ಆ ಕ್ಷಣದಲ್ಲಿ ವರ್ತಕನು ನೀಡುವ ಉತ್ತರದ ಮೇಲೆ ಒಂದು ಜೀವವೇ ಅವಲಂಬಿಸಿರಬಹುದು. ಅಂಡಾಶಯದ ಕ್ಯಾನ್ಸರ್‌ಗೆ ಇಂದು ಆಸ್ಪತ್ರೆಗಳಲ್ಲಿ ಬಳಸುವ ಪ್ರಮುಖ ಔಷಧಗಳಲ್ಲಿ ಕೆಲವು ಸಸ್ಯಮೂಲದವು ಎಂಬುದು ನಿಜ. ಆದರೆ ಸಸ್ಯದಿಂದ ಔಷಧ ಬಂದಿತೆಂದ ಮಾತ್ರಕ್ಕೆ ಸಸ್ಯವೇ ಔಷಧವಾಗುವುದಿಲ್ಲ ಎಂಬುದೂ ಅಷ್ಟೇ ನಿಜ. ಈ ಎರಡು ಸತ್ಯಗಳ ನಡುವಿನ ಅಂತರವನ್ನು ವರ್ತಕರ ಹಾಗೂ ಸಣ್ಣ ಉದ್ದಿಮೆದಾರರ ದೃಷ್ಟಿಯಿಂದ ವಿವರಿಸುವುದು ಈ ಲೇಖನದ ಉದ್ದೇಶ.

ರೋಗದ ಸ್ವರೂಪ

ಅಂಡಾಶಯದ ಕ್ಯಾನ್ಸರ್ ಭಾರತದ ಮಹಿಳೆಯರಲ್ಲಿ ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರ್‌ಗಳ ನಂತರ ಮೂರನೆಯ ಸ್ಥಾನದಲ್ಲಿದೆ. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ನಮ್ಮ ದೇಶದಲ್ಲಿ ಆ ವರ್ಷ ಸುಮಾರು 47 ಸಾವಿರ ಮಹಿಳೆಯರಲ್ಲಿ ಈ ರೋಗವು ಹೊಸದಾಗಿ ಕಂಡುಬಂದಿದ್ದು, 32 ಸಾವಿರಕ್ಕೂ ಹೆಚ್ಚು ಮಂದಿ ಮರಣ ಹೊಂದಿದರು. ಹೊಟ್ಟೆ ಉಬ್ಬರ, ಸ್ವಲ್ಪ ಉಂಡೊಡನೆಯೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಇದರ ಆರಂಭದ ಲಕ್ಷಣಗಳು. ಇವು ವಾಯು, ಅಜೀರ್ಣಗಳ ಲಕ್ಷಣಗಳನ್ನೇ ಹೋಲುವುದರಿಂದ ನಮ್ಮ ಹೆಣ್ಣುಮಕ್ಕಳು ಓಮದ ಕಷಾಯ, ಜೀರಿಗೆ ನೀರು ಕುಡಿದು ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ರೋಗವು ಅಂಡಾಶಯಕ್ಕೆ ಮಾತ್ರ ಸೀಮಿತವಾಗಿರುವಾಗಲೇ ಪತ್ತೆಯಾದರೆ ಹತ್ತರಲ್ಲಿ ಒಂಬತ್ತು ಮಂದಿ ಐದು ವರ್ಷಗಳಿಗೂ ಮೀರಿ ಬದುಕುತ್ತಾರೆ. ದೂರದ ಅಂಗಗಳಿಗೆ ಹರಡಿದ ನಂತರ ಈ ಪ್ರಮಾಣವು ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಈ ರೋಗದಲ್ಲಿ ಕಾಲವೇ ಬಂಡವಾಳ. ಕಳೆದುಹೋದ ಎರಡು ತಿಂಗಳನ್ನು ಯಾವ ಔಷಧವೂ ಮರಳಿ ತಂದುಕೊಡಲಾರದು.

ಶಸ್ತ್ರಚಿಕಿತ್ಸೆ ಹಾಗೂ ಅದರೊಡನೆ ಮೂರು ವಾರಗಳಿಗೊಮ್ಮೆ ನೀಡುವ ಸಾಮಾನ್ಯವಾಗಿ ಆರು ಸುತ್ತಿನ ಕೀಮೋಥೆರಪಿ ಈ ರೋಗದ ಮುಖ್ಯ ಚಿಕಿತ್ಸೆ. ಕೀಮೋಥೆರಪಿಯಲ್ಲಿ ಬಳಕೆಯಾಗುವ ಎರಡು ಪ್ರಧಾನ ಔಷಧಗಳ ಪೈಕಿ ಕಾರ್ಬೊಪ್ಲಾಟಿನ್ ಎಂಬುದು ಪ್ಲಾಟಿನಂ ಲೋಹದ ಸಂಯುಕ್ತ. ಎರಡನೆಯದಾದ ಪ್ಯಾಕ್ಲಿಟಾಕ್ಸೆಲ್ ಒಂದು ಮರದ ತೊಗಟೆಯಿಂದ ಹುಟ್ಟಿಬಂದದ್ದು. ಅದರ ಕಥೆಯು ವರ್ತಕರಿಗೂ ಪಾಠ ಹೇಳುವಂತಹುದು.

ಯೂ ಮರದ ತೊಗಟೆಯಿಂದ ಪ್ಯಾಕ್ಲಿಟಾಕ್ಸೆಲ್‌ವರೆಗೆ

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು 1960ರಿಂದ ಸುಮಾರು ಎರಡು ದಶಕಗಳ ಕಾಲ ಒಂದು ಲಕ್ಷಕ್ಕೂ ಹೆಚ್ಚು ಸಸ್ಯಸಾರಗಳನ್ನು ಪರೀಕ್ಷೆಗೆ ಒಳಪಡಿಸಿತು. ಈ ಕಾರ್ಯಕ್ರಮದ ಅಂಗವಾಗಿ 1962ರಲ್ಲಿ ಆರ್ಥರ್ ಬಾರ್ಕ್ಲೇ ಎಂಬ ಸಸ್ಯವಿಜ್ಞಾನಿ ವಾಷಿಂಗ್ಟನ್ ರಾಜ್ಯದ ಕಾಡಿನಿಂದ ಪೆಸಿಫಿಕ್ ಯೂ ಎಂಬ ಮರದ ತೊಗಟೆಯನ್ನು ಸಂಗ್ರಹಿಸಿದರು. ಉತ್ತರ ಕೆರೊಲಿನದ ಪ್ರಯೋಗಾಲಯವೊಂದರಲ್ಲಿ ಮನ್ರೋ ವಾಲ್ ಹಾಗೂ ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ ಜನಿಸಿದ ಮನಸುಖ್ ವಾಣಿ ಅವರು ಅದರೊಳಗಿನ ಕ್ರಿಯಾಶೀಲ ಸಂಯುಕ್ತವನ್ನು ಬೇರ್ಪಡಿಸಿ, 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಆ ಸಂಯುಕ್ತವೇ ಪ್ಯಾಕ್ಲಿಟಾಕ್ಸೆಲ್.

ಇಳುವರಿಯ ಲೆಕ್ಕವನ್ನು ನಮ್ಮ ಎಣ್ಣೆ ಗಿರಣಿದಾರರು ಗಮನಿಸಬೇಕು. ವಾಲ್ ಮತ್ತು ವಾಣಿ ಅವರಿಗೆ 12 ಕಿಲೋ ಒಣ ತೊಗಟೆಯಿಂದ ದೊರೆತದ್ದು ಅರ್ಧ ಗ್ರಾಂ ಮಾತ್ರ, ಅಂದರೆ ಶೇ. 0.004. ಒಂದು ಕ್ವಿಂಟಾಲ್ ಕಡಲೆಬೀಜದಿಂದ ಗಾಣದಲ್ಲಿ 40 ಕಿಲೋ ಆಸುಪಾಸಿನಲ್ಲಿ ಎಣ್ಣೆ ಪಡೆಯುವ ನಮಗೆ, ಒಂದು ಕ್ವಿಂಟಾಲ್ ತೊಗಟೆಯಿಂದ ಬರುವುದು 4 ಗ್ರಾಂ ಎಂದರೆ ಆಶ್ಚರ್ಯವಾಗಬಹುದು. ಸಾಧಾರಣ ಮೈಕಟ್ಟಿನ ಒಬ್ಬ ಮಹಿಳೆಗೆ ಆರು ಸುತ್ತಿನ ಚಿಕಿತ್ಸೆಗೆ ಒಂದೂವರೆ ಗ್ರಾಂಗಿಂತ ಸ್ವಲ್ಪ ಹೆಚ್ಚು ಔಷಧ ಬೇಕಾಗುತ್ತದೆ. ಆರಂಭದ ಆ ಇಳುವರಿಯ ಪ್ರಕಾರ ಲೆಕ್ಕ ಹಾಕಿದರೆ ಒಬ್ಬ ರೋಗಿಗೆ ಸುಮಾರು 40 ಕಿಲೋ ತೊಗಟೆ ಬೇಕು. ತೊಗಟೆ ಸುಲಿದ ಮರವು ಸಾಯುತ್ತದೆ.

1979ರಲ್ಲಿ ಸೂಸನ್ ಹಾರ್ವಿಟ್ಜ್ ಅವರು ಈ ಸಂಯುಕ್ತವು ಕೆಲಸ ಮಾಡುವ ಬಗೆಯನ್ನು ಕಂಡುಹಿಡಿದರು. ಜೀವಕೋಶವು ಇಬ್ಭಾಗವಾಗುವಾಗ ಅದರೊಳಗೆ ಕೊಳವೆಯಾಕಾರದ ಸೂಕ್ಷ್ಮ ಎಳೆಗಳು ಕಟ್ಟಿಕೊಂಡು, ಕೆಲಸ ಮುಗಿದ ಮೇಲೆ ಬಿಚ್ಚಿಕೊಳ್ಳುತ್ತವೆ. ಪ್ಯಾಕ್ಲಿಟಾಕ್ಸೆಲ್ ಆ ಎಳೆಗಳು ಬಿಚ್ಚಿಕೊಳ್ಳದಂತೆ ಬಿಗಿದುಬಿಡುವುದರಿಂದ ಕೋಶವು ವಿಭಜನೆಯ ನಡುವೆಯೇ ಸಿಲುಕಿ ಸಾಯುತ್ತದೆ. 1989ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೇರಾವ ಔಷಧಕ್ಕೂ ಬಗ್ಗದಿದ್ದ ಅಂಡಾಶಯದ ಕ್ಯಾನ್ಸರ್‌ನ ರೋಗಿಗಳ ಪೈಕಿ ಸುಮಾರು ಶೇ. 30ರಷ್ಟು ಮಂದಿಯಲ್ಲಿ ಗಡ್ಡೆಯು ಕುಗ್ಗಿದ್ದು ಕಂಡುಬಂದಿತು. 1992ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಇದಕ್ಕೆ ಅನುಮತಿ ನೀಡಿತು. ತೊಗಟೆಯಿಂದ ಔಷಧದವರೆಗಿನ ಹಾದಿಗೆ ತಗುಲಿದ ಕಾಲ 30 ವರ್ಷ.

ಬೇಡಿಕೆ ಹೆಚ್ಚಿದಂತೆ ಯೂ ಮರಗಳ ಮೇಲೆ ಕೊಡಲಿ ಬಿದ್ದಿತು. ನಮ್ಮ ಹಿಮಾಲಯದ ಯೂ ಮರಗಳೂ ಇದಕ್ಕೆ ಬಲಿಯಾದ ಕಾರಣ 1995ರಲ್ಲಿ ಆ ಪ್ರಭೇದವನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಬೇಕಾಯಿತು. ಪರಿಹಾರವು ದೊರೆತದ್ದು ಎಲೆಯಲ್ಲಿ. ಫ್ರಾನ್ಸಿನ ಪಿಯರ್ ಪೊಟಿಯೇ ಅವರ ತಂಡವು ಯೂರೋಪಿನ ಯೂ ಮರದ ಎಲೆಗಳಲ್ಲಿ, ಪ್ಯಾಕ್ಲಿಟಾಕ್ಸೆಲ್ ಆಗಿ ಪರಿವರ್ತಿಸಬಹುದಾದ ಪೂರ್ವವಸ್ತುವೊಂದನ್ನು ಕಂಡುಕೊಂಡಿತು. ಅಮೆರಿಕದ ರಾಬರ್ಟ್ ಹೋಲ್ಟನ್ ಅವರು ಆ ಪರಿವರ್ತನೆಗೆ ಲಾಭದಾಯಕ ವಿಧಾನವನ್ನು ರೂಪಿಸಿದರು. ಎಲೆಯನ್ನು ಕೊಯ್ದರೆ ಮರವು ಮತ್ತೆ ಚಿಗುರುತ್ತದೆ. ಮುಂದೆ ಸಸ್ಯಕೋಶಗಳನ್ನು ತೊಟ್ಟಿಗಳಲ್ಲಿ ಬೆಳೆಸಿ ಔಷಧ ತೆಗೆಯುವ ವಿಧಾನವೂ ಬಂದಿತು. ಕಚ್ಚಾವಸ್ತುವಿನ ಮೂಲವೇ ಬರಿದಾಗುವಂತೆ ಕೊಯ್ಯುವ ವ್ಯಾಪಾರಕ್ಕೆ ಆಯುಸ್ಸಿಲ್ಲ ಎಂಬುದು ಇಲ್ಲಿನ ಮೊದಲ ಪಾಠ. ಬೆಟ್ಟಗಳಿಂದ ಬೇರುಸಹಿತ ಕಿತ್ತು ತಂದ ಮೂಲಿಕೆಗಳನ್ನು ಕೊಳ್ಳುವ ನಮ್ಮ ವರ್ತಕರಿಗೂ ಇದು ಅನ್ವಯಿಸುತ್ತದೆ.

ಪಶ್ಚಿಮ ಘಟ್ಟದ ನಂಟು

ಯೂ ಮರವು ನಮಗೆ ದೂರದ್ದು. ಆದರೆ ಅಂಡಾಶಯದ ಕ್ಯಾನ್ಸರ್‌ಗೆ ಬಳಸುವ ಮತ್ತೊಂದು ಔಷಧಕ್ಕೆ ನಮ್ಮ ರಾಜ್ಯದ ಕಾಡಿನೊಡನೆಯೇ ಸಂಬಂಧವಿದೆ. ಅದೇ ವಾಲ್ ಮತ್ತು ವಾಣಿ ಅವರು 1966ರಲ್ಲಿ ಚೀನಾ ಮೂಲದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ಸಂಯುಕ್ತವನ್ನು ಪ್ರತ್ಯೇಕಿಸಿದ್ದರು. 1972ರಲ್ಲಿ ಟಿ.ಆರ್. ಗೋವಿಂದಾಚಾರಿ ಹಾಗೂ ಎನ್. ವಿಶ್ವನಾಥನ್ ಅವರು ಪಶ್ಚಿಮ ಘಟ್ಟದಲ್ಲಿ ಬೆಳೆಯುವ, ಇಂದು ನೋಥಪೊಡೈಟಿಸ್ ನಿಮ್ಮೋನಿಯಾನ ಎಂದು ಕರೆಯಲಾಗುವ ಚಿಕ್ಕ ಮರದಲ್ಲಿ ಇದೇ ಸಂಯುಕ್ತವು ಹೇರಳವಾಗಿರುವುದನ್ನು ತೋರಿಸಿಕೊಟ್ಟರು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಆರ್. ಉಮಾಶಂಕರ್ ಮತ್ತು ಅವರ ಸಹೋದ್ಯೋಗಿಗಳು ಘಟ್ಟದ ಬೇರೆ ಬೇರೆ ಕಡೆಗಳ ಮರಗಳಲ್ಲಿ ಈ ಸಂಯುಕ್ತದ ಪ್ರಮಾಣವನ್ನು ಅಳೆದು, ಒಂದು ಕಡೆಯ ಮರಕ್ಕೂ ಮತ್ತೊಂದು ಕಡೆಯ ಮರಕ್ಕೂ ಬಹಳ ವ್ಯತ್ಯಾಸವಿರುವುದನ್ನು ದಾಖಲಿಸಿದ್ದಾರೆ.

ಹಾಗೆಂದು ಆ ಮರದ ಕಷಾಯವು ಔಷಧವಾಗಲಿಲ್ಲ. ಶುದ್ಧ ಕ್ಯಾಂಪ್ಟೊಥೆಸಿನ್‌ನ ಲವಣವನ್ನೇ 1970ರ ದಶಕದಲ್ಲಿ ರೋಗಿಗಳಿಗೆ ನೀಡಿದಾಗ ಮೂತ್ರಕೋಶದಲ್ಲಿ ರಕ್ತಸ್ರಾವವೇ ಮೊದಲಾದ ತೀವ್ರ ದುಷ್ಪರಿಣಾಮಗಳು ಕಾಣಿಸಿಕೊಂಡು ಪ್ರಯೋಗವನ್ನು ನಿಲ್ಲಿಸಬೇಕಾಯಿತು. ರಸಾಯನ ವಿಜ್ಞಾನಿಗಳು ಅಣುವಿನ ರಚನೆಯನ್ನು ಮಾರ್ಪಡಿಸಿ ಟೊಪೊಟಿಕಾನ್ ಎಂಬ ಔಷಧವನ್ನು ಸಿದ್ಧಪಡಿಸಿದ ನಂತರವೇ, 1996ರಲ್ಲಿ, ಮೊದಲ ಚಿಕಿತ್ಸೆ ಫಲಿಸದ ಅಂಡಾಶಯದ ಕ್ಯಾನ್ಸರ್‌ಗೆ ಅದರ ಬಳಕೆ ಸಾಧ್ಯವಾಯಿತು. ಹಿಮಾಲಯದಲ್ಲಿಯೂ ದೊರೆಯುವ ಪೊಡೊಫಿಲಂ ಗಿಡದ ಸಂಯುಕ್ತವನ್ನು ಮಾರ್ಪಡಿಸಿ ಪಡೆದ ಎಟೊಪೊಸೈಡ್, ಎಳೆಯ ವಯಸ್ಸಿನವರಲ್ಲಿ ಕಂಡುಬರುವ ಅಂಡಾಶಯದ ಒಂದು ಬಗೆಯ ಗಡ್ಡೆಗೆ ಬಹಳ ಪರಿಣಾಮಕಾರಿ.

ನಮ್ಮ ಮನೆಯಂಗಳದಲ್ಲಿಯೇ ಇರುವ ಉದಾಹರಣೆಯೆಂದರೆ ನಿತ್ಯಪುಷ್ಪ. ಕಾಶಿಕಣಗಿಲೆ, ಸದಾಪುಷ್ಪ ಎಂದೂ ಕರೆಯುವ ಈ ಗಿಡದಿಂದ ರಕ್ತದ ಕ್ಯಾನ್ಸರ್ ಮುಂತಾದವುಗಳಿಗೆ ಬಳಸುವ ವಿನ್‌ಕ್ರಿಸ್ಟಿನ್ ಹಾಗೂ ವಿನ್‌ಬ್ಲಾಸ್ಟಿನ್ ದೊರೆಯುತ್ತವೆ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ಪಡೆಯಲು ಸುಮಾರು 500 ಕಿಲೋ ಒಣ ಎಲೆ ಬೇಕಾಗುತ್ತದೆ. ಇದನ್ನು ಕೇಳಿ ನಿತ್ಯಪುಷ್ಪದ ನಾಲ್ಕು ಎಲೆ ಅಗಿದರೆ ಕ್ಯಾನ್ಸರ್ ಬಾರದೆಂದು ಭಾವಿಸುವವರಿದ್ದಾರೆ. ನಾಲ್ಕು ಎಲೆಯಲ್ಲಿ ಔಷಧದ ಪ್ರಮಾಣವು ಲೆಕ್ಕಕ್ಕೆ ಸಿಗುವಂತಹುದಲ್ಲ. ಹೆಚ್ಚು ಎಲೆ ತಿಂದರೆ ಅದರಲ್ಲಿನ ಇತರ ಕ್ಷಾರವಸ್ತುಗಳು ವಿಷವಾಗುತ್ತವೆ.

ಗಾಜಿನ ತಟ್ಟೆಯೇ ಬೇರೆ, ಮಾನವ ದೇಹವೇ ಬೇರೆ

ಅರಿಶಿನದ ಕರ್ಕ್ಯುಮಿನ್, ಅಶ್ವಗಂಧದ ವಿಥಫೆರಿನ್, ಸೀತಾಫಲದ ಬೀಜದಲ್ಲಿರುವ ಅಸಿಟೋಜೆನಿನ್‌ಗಳು – ಇವೆಲ್ಲವೂ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅಂಡಾಶಯದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆ ಎಂಬ ಸಂಶೋಧನಾ ಲೇಖನಗಳು ಪ್ರಕಟವಾಗಿವೆ. ಪತ್ರಿಕೆಗಳಲ್ಲಿ 'ಅರಿಶಿನದಿಂದ ಕ್ಯಾನ್ಸರ್ ನಿವಾರಣೆ' ಎಂಬ ತಲೆಬರಹ ಬರುವುದು ಹೀಗೆ. ಆದರೆ ಅಂಡಾಶಯದ ಕ್ಯಾನ್ಸರ್‌ನಿಂದ ಬಳಲುವ ಮಹಿಳೆಯರಲ್ಲಿ ಇವುಗಳ ಪೈಕಿ ಯಾವುದೂ ರೋಗವನ್ನು ಗುಣಪಡಿಸುತ್ತದೆಂದು ಸಿದ್ಧವಾಗಿಲ್ಲ.

ಅರಿಶಿನವನ್ನೇ ತೆಗೆದುಕೊಳ್ಳೋಣ. ಗಾಯ ಮಾಯಿಸಲು ಅರಿಶಿನದ ಬಳಕೆಗೆ ಅಮೆರಿಕದಲ್ಲಿ 1995ರಲ್ಲಿ ನೀಡಿದ್ದ ಪೇಟೆಂಟನ್ನು, ಅದು ನಮ್ಮ ಪರಂಪರಾಗತ ಜ್ಞಾನವೆಂದು ಸಾಧಿಸಿ, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು 1997ರಲ್ಲಿ ರದ್ದುಪಡಿಸಿದ್ದು ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ ಗಾಯಕ್ಕೆ ಹಚ್ಚುವ ಅರಿಶಿನವು ಒಳಗಿನ ಗಡ್ಡೆಗೆ ಔಷಧವೆಂದು ಅದರಿಂದ ಸಾಬೀತಾಗುವುದಿಲ್ಲ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸರಾಸರಿ ಶೇ. 3ರಷ್ಟು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನೀಡಿ ನೋಡಿದ, 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿಯೂ ರಕ್ತಕ್ಕೆ ಸೇರಿದ ಪ್ರಮಾಣ ಅತ್ಯಲ್ಪವಾಗಿತ್ತು. ಆ 8 ಗ್ರಾಂ ಪಡೆಯಲು ದಿನಕ್ಕೆ ಕಾಲು ಕಿಲೋಗಿಂತಲೂ ಹೆಚ್ಚು ಅರಿಶಿನ ಪುಡಿ ತಿನ್ನಬೇಕಾಗುತ್ತದೆ.

ಸುಮಾರು ಒಂದು ದಶಕದ ಹಿಂದೆ ರಾಜ್ಯದಾದ್ಯಂತ ಲಕ್ಷ್ಮಣಫಲದ ಸಸಿ, ಹಣ್ಣು, ಎಲೆಗಳಿಗೆ ಬಂದಿದ್ದ ಬೇಡಿಕೆಯನ್ನು ವಾಚಕರು ಮರೆತಿರಲಾರರು. ಇದು ನಮ್ಮ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಸೀತಾಫಲದ ಜಾತಿಗೇ ಸೇರಿದ ಮರ. ಕ್ಯಾನ್ಸರ್‌ಗೆ ದಿವ್ಯೌಷಧವೆಂಬ ಪ್ರಚಾರದಿಂದ ಇದರ ಹಣ್ಣು ಸೇಬಿನ ದರವನ್ನೂ ಮೀರಿ ಮಾರಾಟವಾಯಿತು. ಆದರೆ ಈ ಹಣ್ಣು ಹಾಗೂ ಎಲೆಯ ಕಷಾಯವನ್ನು ಹೆಚ್ಚಾಗಿ ಬಳಸುವ ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ ರೋಗವನ್ನು ಹೋಲುವ ನರದೌರ್ಬಲ್ಯಕ್ಕೂ ಈ ಬಳಕೆಗೂ ಸಂಬಂಧವಿರಬಹುದೆಂದು ಫ್ರೆಂಚ್ ವೈದ್ಯರು 1999ರಲ್ಲಿಯೇ ಎಚ್ಚರಿಸಿದ್ದರು. ಅಶ್ವಗಂಧದ ಮಾತ್ರೆಗಳಿಂದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವೈದ್ಯಕೀಯ ನಿಯತಕಾಲಿಕೆಗಳಲ್ಲಿ ವರದಿಯಾಗಿವೆ. ಪ್ಯಾಕ್ಲಿಟಾಕ್ಸೆಲ್ ದೇಹದಲ್ಲಿ ಕರಗಿ ಹೊರಹೋಗುವುದು ಯಕೃತ್ತಿನ ಮೂಲಕವೇ. ಆದುದರಿಂದ ಕೀಮೋಥೆರಪಿ ಪಡೆಯುತ್ತಿರುವವರು ವೈದ್ಯರಿಗೆ ತಿಳಿಸದೆ ಮೂಲಿಕೆಯ ಸಾರಗಳನ್ನು ಸೇವಿಸುವುದು ಅಪಾಯಕರ.

ಭರವಸೆ ಹುಟ್ಟಿಸಿದ ಸಂಯುಕ್ತವೂ ಕೊನೆಯ ಪರೀಕ್ಷೆಯಲ್ಲಿ ಸೋಲಬಹುದು. ನಮ್ಮ ಅಳಲೆ, ತಾರೆ, ಮತ್ತಿ ಮರಗಳ ಕುಟುಂಬಕ್ಕೇ ಸೇರಿದ ದಕ್ಷಿಣ ಆಫ್ರಿಕಾದ ಮರವೊಂದರಿಂದ ಕಾಂಬ್ರೆಟಾಸ್ಟಾಟಿನ್ ಎಂಬ ಸಂಯುಕ್ತವು ದೊರೆಯಿತು. ಅದರಿಂದ ಸಿದ್ಧವಾದ ಔಷಧವನ್ನು ಮತ್ತೊಂದು ಔಷಧದೊಡನೆ ಅಂಡಾಶಯದ ಕ್ಯಾನ್ಸರ್ ಮರುಕಳಿಸಿದ ಮಹಿಳೆಯರಿಗೆ ನೀಡಿದಾಗ ಮಧ್ಯಮ ಹಂತದ ಪರೀಕ್ಷೆಯಲ್ಲಿ ಒಳ್ಳೆಯ ಫಲಿತಾಂಶ ಬಂದಿತ್ತು. ಮುಂದಿನ ಪರೀಕ್ಷೆಯಲ್ಲಿ ಪ್ರಯೋಜನ ಕಾಣದ ಕಾರಣ 2017ರಲ್ಲಿ ಅದನ್ನು ನಿಲ್ಲಿಸಲಾಯಿತು. ನುರಿತ ಸಂಸ್ಥೆಗಳೇ ವರ್ಷಗಟ್ಟಲೆ ಪರೀಕ್ಷಿಸಿ ಕೈಬಿಟ್ಟಿರುವಾಗ, ಯಾವ ಪರೀಕ್ಷೆಯೂ ಇಲ್ಲದ ಪುಡಿಯೊಂದನ್ನು ಡಬ್ಬಿಗೆ ತುಂಬಿ 'ಗುಣವಾಗುತ್ತದೆ' ಎಂದು ಬರೆಯುವುದು ಎಷ್ಟು ಸರಿ ಎಂಬುದನ್ನು ನಾವೇ ಯೋಚಿಸಬೇಕು.

ಚಿಕಿತ್ಸೆಯನ್ನು ಬಿಟ್ಟು ಬದಲಿ ಪದ್ಧತಿಗಳನ್ನು ಮಾತ್ರವೇ ನಂಬಿದವರ ಗತಿಯೇನಾಯಿತೆಂಬುದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಅಧ್ಯಯನ ಮಾಡಿದ್ದಾರೆ. ಸ್ತನ, ಶ್ವಾಸಕೋಶ, ದೊಡ್ಡಕರುಳು ಹಾಗೂ ಪ್ರಾಸ್ಟೇಟ್ ಕ್ಯಾನ್ಸರ್‌ಗಳನ್ನು ಕುರಿತ, 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇಂತಹವರು ಮರಣ ಹೊಂದುವ ಸಂಭವವು ಇತರರಿಗಿಂತ ಎರಡೂವರೆ ಪಟ್ಟು ಹೆಚ್ಚಾಗಿತ್ತು. ಅಂಡಾಶಯದ ಕ್ಯಾನ್ಸರ್ ಅದರಲ್ಲಿ ಸೇರಿರಲಿಲ್ಲವಾದರೂ, ವಿಳಂಬದ ಬೆಲೆ ಏನೆಂಬುದು ಅದರಿಂದ ತಿಳಿಯುತ್ತದೆ.

ಕಾನೂನಿನ ಮಿತಿಗಳು

ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯಿದೆ, 1954 ನಮ್ಮ ಸದಸ್ಯರಲ್ಲಿ ಹಲವರ ಗಮನಕ್ಕೆ ಬಾರದಿರುವ ಕಾಯಿದೆ. ಇದರ ಅನುಸೂಚಿಯಲ್ಲಿ ಹೆಸರಿಸಲಾದ ರೋಗಗಳಲ್ಲಿ ಕ್ಯಾನ್ಸರ್ ಒಂದು. ಈ ರೋಗಗಳನ್ನು ಗುಣಪಡಿಸುತ್ತದೆಂದು ಯಾವ ಔಷಧದ ಬಗೆಗೂ ಜಾಹೀರಾತು ನೀಡುವಂತಿಲ್ಲ. 'ಜಾಹೀರಾತು' ಎಂಬ ಪದದ ವ್ಯಾಪ್ತಿಗೆ ಕರಪತ್ರ, ಡಬ್ಬಿಯ ಚೀಟಿ, ಹೊದಿಕೆಯ ಕಾಗದವಷ್ಟೇ ಅಲ್ಲದೆ ಬಾಯಿಮಾತಿನ ಘೋಷಣೆಯೂ ಸೇರುತ್ತದೆ. ಜಾತ್ರೆಯಲ್ಲಿ ಧ್ವನಿವರ್ಧಕ ಹಿಡಿದು ಕೂಗುವುದೂ, ಮೊಬೈಲ್‌ನಲ್ಲಿ ಸಂದೇಶ ಹರಡುವುದೂ ಇದರಿಂದ ಹೊರತಲ್ಲ. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ, ಮರುಕಳಿಸಿದರೆ ಒಂದು ವರ್ಷದವರೆಗೆ ಸೆರೆವಾಸಕ್ಕೆ 1954ರ ಕಾಯಿದೆಯು ಅವಕಾಶ ಕಲ್ಪಿಸಿತು. ಇದಲ್ಲದೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯನ್ವಯ ದಾರಿತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ 10 ಲಕ್ಷ ರೂಪಾಯಿವರೆಗೆ, ಪುನರಾವರ್ತನೆಯಾದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಆಯುರ್ವೇದ ಔಷಧ ತಯಾರಿಸಲು ಪ್ರತ್ಯೇಕ ಪರವಾನಗಿ ಹಾಗೂ ಉತ್ತಮ ಉತ್ಪಾದನಾ ಕ್ರಮಗಳ ಪಾಲನೆ ಕಡ್ಡಾಯ. 'ಆಹಾರ ಪೂರಕ' ಎಂದು ಆಹಾರ ಸುರಕ್ಷತಾ ಪರವಾನಗಿಯಡಿ ಮಾರುವ ವಸ್ತುವಿನ ಮೇಲೆ ರೋಗ ಗುಣಪಡಿಸುವ ಮಾತನ್ನು ಮುದ್ರಿಸುವಂತಿಲ್ಲ. ಪ್ಯಾಕ್ಲಿಟಾಕ್ಸೆಲ್‌ನಂತಹ ಕೋಶನಾಶಕ ಔಷಧಗಳ ತಯಾರಿಕೆಗೆ ಬೇರೆಯದೇ ಆದ, ಸಂಪೂರ್ಣ ಪ್ರತ್ಯೇಕಿಸಿದ ಸ್ಥಾವರ ಬೇಕಾಗುತ್ತದೆ. ಆದ್ದರಿಂದ ಇದು ನಮ್ಮ ಸಣ್ಣ ಕೈಗಾರಿಕೆಗಳ ಕೈಗೆಟುಕುವ ಕ್ಷೇತ್ರವಲ್ಲ. ಔಷಧ ಅಂಗಡಿಗಳನ್ನು ನಡೆಸುವ ಸದಸ್ಯರು ಮತ್ತೊಂದು ಸಂಗತಿಯನ್ನು ನೆನಪಿಡಬೇಕು. 2019ರಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು, ಅಲ್ಲಿಯವರೆಗೆ ಬೆಲೆ ನಿಯಂತ್ರಣಕ್ಕೆ ಒಳಪಡದಿದ್ದ 42 ಕ್ಯಾನ್ಸರ್ ಔಷಧಗಳ ಮೇಲಿನ ವ್ಯಾಪಾರಿ ಲಾಭಾಂಶವನ್ನು ಶೇ. 30ಕ್ಕೆ ಸೀಮಿತಗೊಳಿಸಿತು.

ನಮ್ಮ ಪಾಲಿಗೆ ಇರುವ ಅವಕಾಶ

ಹಾಗಾದರೆ ಈ ಕ್ಷೇತ್ರದಲ್ಲಿ ನಮಗೆ ಸ್ಥಾನವೇ ಇಲ್ಲವೇ? ಇದೆ. ಆದರೆ ಅದು ಕ್ಯಾನ್ಸರ್ ಔಷಧದ ಹೆಸರಿನಲ್ಲಲ್ಲ, ಶುದ್ಧವಾದ, ಗುರುತು ಖಚಿತವಾದ ಕಚ್ಚಾವಸ್ತುವಿನ ಪೂರೈಕೆಯಲ್ಲಿ. ಬೆಂಗಳೂರಿನ ಸುತ್ತಮುತ್ತ ಅರಿಶಿನ ಮುಂತಾದವುಗಳ ಸಾರ ತೆಗೆದು ದೇಶವಿದೇಶಗಳಿಗೆ ಮಾರುವ ಉದ್ದಿಮೆಗಳು ನೆಲೆಸಿವೆ. ಇವರು ಬಯಸುವುದು ಒಂದೇ ಗುಣಮಟ್ಟದ ಮಾಲನ್ನು ವರ್ಷವಿಡೀ ಪೂರೈಸಬಲ್ಲ ವರ್ತಕರನ್ನು.

ನಮ್ಮ ಮಣ್ಣಿಗೆ ಹೊಂದುವ ಬೆಳೆಗಳಲ್ಲಿ ಅಶ್ವಗಂಧ ಮೊದಲನೆಯದು. ಕಡಿಮೆ ಮಳೆ, ನೀರು ಬಸಿದುಹೋಗುವ ಕೆಂಪು ಮಣ್ಣು, ಕೊಯ್ಲಿನ ಸಮಯದಲ್ಲಿ ಒಣ ಹವೆ ಇದಕ್ಕೆ ಬೇಕು. ತಿರುಮಣಿಯ ಬಳಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವನ್ನು ನಡೆಸುತ್ತಿರುವ ಪಾವಗಡದ ಬಿಸಿಲು, ಬೇರುಗಳನ್ನು ಒಣಗಿಸಲೂ ಅಷ್ಟೇ ಉಪಯುಕ್ತ. ಸುಮಾರು ಐದಾರು ತಿಂಗಳಲ್ಲಿ ಬೇರು ಕೊಯ್ಲಿಗೆ ಬರುತ್ತದೆ. ಸದ್ಯ ಇದರ ದೊಡ್ಡ ಮಾರುಕಟ್ಟೆ ಇರುವುದು ಮಧ್ಯಪ್ರದೇಶದ ನೀಮಚ್‌ನಲ್ಲಿ. ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯು ಪೋಷಿತ, ರಕ್ಷಿತ ಎಂಬ ತಳಿಗಳನ್ನು ಬಿಡುಗಡೆ ಮಾಡಿದೆ. ಈ ಸಂಸ್ಥೆಯ ಸಂಶೋಧನಾ ಕೇಂದ್ರವು ಬೆಂಗಳೂರಿನಲ್ಲಿಯೇ ಇದೆ. ಬೇರಿನೊಡನೆ ಎಲೆಯನ್ನು ಬೆರೆಸಿ ಪುಡಿ ಮಾಡುವ ಕೆಟ್ಟ ರೂಢಿಯ ಬಗ್ಗೆ ಆಯುಷ್ ಸಚಿವಾಲಯವು 2021ರಲ್ಲಿ ತಯಾರಕರಿಗೆ ಎಚ್ಚರಿಕೆ ನೀಡಿ, ಎಲೆಯನ್ನು ಬಳಸದಂತೆ ಸೂಚಿಸಿದೆ.

ಕಡಲೆಕಾಯಿ ವ್ಯಾಪಾರದ ಅನುಭವವು ಇಲ್ಲಿ ನಮಗೆ ಮಾರ್ಗದರ್ಶಿ. ಸರಿಯಾಗಿ ಒಣಗಿಸದ ಕಾಯಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಅದು ಸ್ವತಃ ಯಕೃತ್ತಿನ ಕ್ಯಾನ್ಸರ್‌ಗೆ ಕಾರಣ. ಇದಕ್ಕಾಗಿಯೇ ರಫ್ತಾದ ಮಾಲು ವಿದೇಶದ ಬಂದರಿನಿಂದ ಹಿಂದಿರುಗುವುದುಂಟು. ಗಿಡಮೂಲಿಕೆಗಳಿಗೂ ಬೂಷ್ಟಿನ ವಿಷ, ಸೀಸ, ಪಾದರಸ, ಕೀಟನಾಶಕದ ಶೇಷಗಳ ಪರೀಕ್ಷೆ ಅನ್ವಯಿಸುತ್ತದೆ. ಈ ವ್ಯಾಪಾರಕ್ಕೆ ಇಳಿಯಬಯಸುವ ಸದಸ್ಯರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು:

1. ಖರೀದಿದಾರರೊಡನೆ ಲಿಖಿತ ಒಪ್ಪಂದವಾದ ನಂತರವೇ ರೈತರಿಗೆ ಬಿತ್ತನೆಗೆ ಪ್ರೋತ್ಸಾಹ ನೀಡಬೇಕು. 2003ರ ಸುಮಾರಿಗೆ ಮುಗಿಲು ಮುಟ್ಟಿದ್ದ ವೆನಿಲಾ ದರವು ಮರುವರ್ಷಗಳಲ್ಲಿ ನೆಲಕಚ್ಚಿದ್ದನ್ನು ನೆನಪಿಡಬೇಕು.

2. ಸಸಿ ಅಥವಾ ಬೀಜ ಮಾರಿ, 'ಬೆಳೆಯನ್ನು ನಾವೇ ಕೊಳ್ಳುತ್ತೇವೆ' ಎನ್ನುವ ಕಂಪೆನಿಗಳ ಪೂರ್ವಾಪರವನ್ನು ವಿಚಾರಿಸದೆ ಮಧ್ಯವರ್ತಿಗಳಾಗಬಾರದು.

3. ಪ್ರತಿ ಬಾರಿಯ ಮಾಲಿಗೂ ಊರು, ರೈತ, ಕೊಯ್ಲಿನ ದಿನಾಂಕ, ಒಣಗಿಸಿದ ವಿಧಾನಗಳ ದಾಖಲೆ ಇಡಬೇಕು. ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಯಿದ್ದರೆ ಮಾಲಿಗೆ ಮರ್ಯಾದೆಯೂ ಬೆಲೆಯೂ ಹೆಚ್ಚು.

4. ಅರಣ್ಯದಿಂದ ತಂದ ಮೂಲಿಕೆಗೂ ಜಮೀನಿನಲ್ಲಿ ಬೆಳೆದ ಮೂಲಿಕೆಗೂ ಕಾನೂನಿನಲ್ಲಿ ವ್ಯತ್ಯಾಸವಿದೆ. 2002ರ ಜೀವವೈವಿಧ್ಯ ಕಾಯಿದೆಗೆ 2023ರಲ್ಲಿ ತಂದ ತಿದ್ದುಪಡಿಯು ಬೆಳೆದ ಔಷಧೀಯ ಸಸ್ಯಗಳಿಗೆ ವಿನಾಯಿತಿ ನೀಡಿದ್ದು, ಅದಕ್ಕೆ ಮೂಲದ ಪ್ರಮಾಣಪತ್ರ ಬೇಕಾಗುತ್ತದೆ. ಕರ್ನಾಟಕ ಜೀವವೈವಿಧ್ಯ ಮಂಡಳಿಯಿಂದ ವಿವರ ಪಡೆಯಬಹುದು.

5. ಚೀಟಿ, ಫಲಕ, ಕರಪತ್ರ ಯಾವುದರಲ್ಲಿಯೂ ಕ್ಯಾನ್ಸರ್ ಎಂಬ ಪದ ಬರಕೂಡದು.

ಗಿರಾಕಿಗೆ ಕೊಡಬೇಕಾದ ಉತ್ತರ

ಈಗ ಆರಂಭದಲ್ಲಿ ಕಂಡ ಗಿರಾಕಿಯ ಪ್ರಶ್ನೆಗೆ ಮರಳೋಣ. ಮಲೆನಾಡಿನ ಕಡೆ ಮರದ ತೊಗಟೆಯ ಔಷಧಕ್ಕಾಗಿ ರಾತ್ರಿಯಿಡೀ ಸರತಿಯಲ್ಲಿ ನಿಂತು ಬಂದವರು ನಮ್ಮ ಊರುಗಳಲ್ಲಿಯೂ ಇದ್ದಾರೆ. ಅವರ ಸಂಕಟವನ್ನಾಗಲಿ ನಂಬಿಕೆಯನ್ನಾಗಲಿ ಹೀಯಾಳಿಸುವುದು ತರವಲ್ಲ. ಬಹಳ ಮಂದಿ ಬೇರು ಹುಡುಕಿಕೊಂಡು ಬರುವುದು ಆಸ್ಪತ್ರೆಯ ಖರ್ಚಿಗೆ ಹೆದರಿ. ಪಾವಗಡದಿಂದ ಬೆಂಗಳೂರಿಗೆ ಸುಮಾರು 160 ಕಿಲೋಮೀಟರ್ ದೂರ. ಅಷ್ಟು ದೂರ ಹೋಗಿ ಬರುವುದು ಕೂಲಿ ಮಾಡುವ ಕುಟುಂಬಕ್ಕೆ ಸುಲಭದ ಮಾತಲ್ಲ.

ಆದರೆ ಅಂತಹವರಿಗೆ ತಿಳಿಸಬಹುದಾದ ಉಪಯುಕ್ತ ವಿಷಯಗಳಿವೆ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಾಗಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರ ಶಿಫಾರಸು ಪತ್ರ ಹಾಗೂ ಪಡಿತರ ಚೀಟಿಯೊಡನೆ ಹೋದರೆ ದಾರಿ ಸುಗಮವಾಗುತ್ತದೆ. ಈ ನಾಲ್ಕು ಸಾಲುಗಳನ್ನು ಬರೆದ ಒಂದು ಚೀಟಿಯನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಅಂಟಿಸಿಡಲು ಯಾವ ಬಂಡವಾಳವೂ ಬೇಡ.

ಮೂರು ವಾರಕ್ಕೂ ಮೀರಿ ಹೊಟ್ಟೆ ಉಬ್ಬರ, ಹಸಿವು ಇಂಗುವಿಕೆ ಮುಂದುವರಿದಿದ್ದರೆ ಓಮ, ಇಂಗು ಕಟ್ಟಿಕೊಡುವ ಬದಲು "ತಾಯಿ, ಒಮ್ಮೆ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿಸಿ, ಆಮೇಲೆ ನೋಡೋಣ" ಎನ್ನುವ ವರ್ತಕನು ಆ ದಿನ ಹತ್ತಿಪ್ಪತ್ತು ರೂಪಾಯಿಯ ವ್ಯಾಪಾರವನ್ನು ಕಳೆದುಕೊಳ್ಳಬಹುದು. ಆದರೆ ಆ ಕುಟುಂಬವು ತಲೆಮಾರುಗಳ ಕಾಲ ಅವನ ಅಂಗಡಿಯನ್ನು ಬಿಟ್ಟುಹೋಗುವುದಿಲ್ಲ. ಯೂ ಮರದ ತೊಗಟೆಯು ಲಕ್ಷಾಂತರ ಮಹಿಳೆಯರ ಆಯುಸ್ಸನ್ನು ಹೆಚ್ಚಿಸಿದ್ದು ಮೂವತ್ತು ವರ್ಷಗಳ ಪ್ರಾಮಾಣಿಕ ಪರೀಕ್ಷೆಯ ಬಲದಿಂದ. ನಮ್ಮ ತಾಲ್ಲೂಕುಗಳ ಗಿಡಮೂಲಿಕೆ ವ್ಯಾಪಾರವೂ ಅಂತಹ ಪ್ರಾಮಾಣಿಕತೆಯ ತಳಹದಿಯ ಮೇಲೆಯೇ ಬೆಳೆಯಲೆಂದು ಆಶಿಸೋಣ.